ಎಂಟು ಸೆಕೆಂಡು, ನಾಲ್ಕು ಸೆಕೆಂಡು

ಜಕ್ಕೂರು ಕೆರೆಯ ಹತ್ತಿರ ನಾಗಲಕ್ಷ್ಮಿ ಮತ್ತು ಅವಳ ಗಂಡ ಶಿವರಾಮ್ ನಡೆಸುವ ದೋಸೆ ಹೋಟೆಲಿಗೆ ಭಾನುವಾರ ಬೆಳಗ್ಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಸೈಕಲ್ಲಿನವರು. ನಂದಿಬೆಟ್ಟ ಹತ್ತಿ ಇಳಿದು, ಮೈಗಂಟಿದ ಬಟ್ಟೆಯಲ್ಲಿ, ಟಕಟಕ ಸದ್ದು ಮಾಡುವ ಬೂಟುಗಳಲ್ಲಿ ಒಳಗೆ ಬಂದು ಒಬ್ಬೊಬ್ಬರು ಇಬ್ಬರ ಪಾಲಿನದು ತಿನ್ನುತ್ತಿದ್ದರು. ತಟ್ಟೆಯಲ್ಲಿ ಒಂದು ಚೂರೂ ಬಿಡದ ಈ ಜನರನ್ನು ಕಂಡರೆ ನಾಗಲಕ್ಷ್ಮಿಗೆ ಇಷ್ಟ.

ಅವರಲ್ಲಿ ಪುನೀತ್, ಜಾಫರ್ ಇಬ್ಬರೂ ಆರ್.ಟಿ. ನಗರದ ಒಂದೇ ಸ್ಕೂಲಿನಲ್ಲಿ ಓದಿದವರು. ಪುನೀತ್ ಈಗ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಜಾಫರ್‌ಗೆ ಕನ್ನಡಕದ ಅಂಗಡಿ. ಇಬ್ಬರಿಗೂ ಫ್ರಾನ್ಸಿನಲ್ಲಿ ಪ್ರತಿ ವರ್ಷ ನಡೆಯುವ ಮೂರು ವಾರದ ಸೈಕಲ್ ರೇಸಿನ ಹುಚ್ಚು. ಎಲ್ಲಕ್ಕಿಂತ ರೋಚಕವಾಗಿದ್ದದ್ದು ಯಾವ ವರ್ಷದ್ದು ಎನ್ನುವುದು ಅವರ ಮುಗಿಯದ ಜಗಳ. ಪುನೀತ್ ಎಂಬತ್ತೊಂಬತ್ತರದು ಎನ್ನುತ್ತಿದ್ದ, ಜಾಫರ್ ಎರಡು ಸಾವಿರದ ಇಪ್ಪತ್ತರದು. ಕಾವಲಿಯ ಮುಂದೆ ನಿಂತ ನಾಗಲಕ್ಷ್ಮಿಗೆ ಅವರು ಹೇಳುವ ಹೆಸರು ಒಂದೂ ತಲೆಗೆ ಹತ್ತದಿದ್ದರೂ, ಅವರ ಗದ್ದಲ ಕೇಳದ ಭಾನುವಾರ ಭಾನುವಾರವೇ ಅಲ್ಲ ಎನಿಸುತ್ತಿತ್ತು.

ಒಂದು ಭಾನುವಾರ ಮಾತ್ರ ಆ ಜಗಳದ ದನಿ ಬೇರೆಯಾಗಿತ್ತು.

"ನಿನಗೆ ಸೆಕೆಂಡ್ ಲೆಕ್ಕಾನೇ ಮುಖ್ಯ ಕಣೋ. ಜೊತೇಲಿರೋ ಮನುಷ್ಯರಲ್ಲ," ಅಂದ ಜಾಫರ್.

"ರೇಸ್ ಬಗ್ಗೆ ಮಾತಾಡ್ತಾ ಇದ್ರೆ ಮನುಷ್ಯರು ಯಾಕೋ ಬಂದ್ರು?" ಎಂದು ಪುನೀತ್ ಕೇಳಿದ. ಜಾಫರ್ ಅರ್ಧ ದೋಸೆ ಬಿಟ್ಟು ಎದ್ದುಹೋದ.

ಆ ತಟ್ಟೆಯನ್ನು ಎತ್ತುವಾಗ ನಾಗಲಕ್ಷ್ಮಿಗೆ ಮನಸ್ಸು ಕಸಿವಿಸಿಯಾಯಿತು. ಅದಾದ ಮೇಲೆ ಇಬ್ಬರೂ ಬರುತ್ತಿದ್ದರು, ಆದರೆ ಬೇರೆ ಬೇರೆ ಹೊತ್ತಿಗೆ. ಜಾಫರ್ ಬಂದರೆ ಹೊರಗಿನ ಕಟ್ಟೆಯ ಮೇಲೆ ಕೂತು, ಫೋನ್ ನೋಡುತ್ತ ತಿಂದು ಹೊರಡುತ್ತಿದ್ದ. ಪುನೀತ್ ಬಂದವನೇ "ಅವನು ಬಂದಿದ್ನಾ ಅಕ್ಕಾ?" ಎಂದು ಕೇಳುತ್ತಿದ್ದ. ಬಂದು ಹೋದ ಎಂದರೆ ಸಪ್ಪಗಾಗುತ್ತಿದ್ದ.

"ಫ್ರಾನ್ಸಿನೋರು ಓಡ್ಸಿದ್ದಕ್ಕೆ ಇಲ್ಲಿ ಮಾತು ಬಿಡ್ತಾರಾ ಯಾರಾದ್ರೂ?" ಎಂದು ನಾಗಲಕ್ಷ್ಮಿ ಗಂಡನನ್ನು ಕೇಳಿದಳು.

"ನೀನು ಚಟ್ನಿ ನೋಡ್ಕೊ," ಅಂದ ಶಿವರಾಮ್.

ಮುಂದೊಂದು ಭಾನುವಾರ ಹೋಟೆಲು ತುಂಬಿಹೋಗಿತ್ತು. ತಣಿಸಂದ್ರದಲ್ಲಿ ಹಲ್ಲಿನ ಡಾಕ್ಟರಾಗಿರುವ ಹರ್ಷಿತಾ ಕೂತಿದ್ದ ಟೇಬಲಿನಲ್ಲಷ್ಟೇ ಎರಡು ಜಾಗ ಖಾಲಿ. ಅವಳೂ ಸೈಕಲ್ಲಿನವಳೇ. ಪುನೀತ್ ಬಂದು ಒಂದರಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಜಾಫರ್ ಬಾಗಿಲಲ್ಲಿ ಕಾಣಿಸಿಕೊಂಡ. ಕಟ್ಟೆಯ ಮೇಲೂ ಜನ. ಅವನು ಹಾಗೇ ಹಿಂದೆ ತಿರುಗುವಷ್ಟರಲ್ಲಿ ನಾಗಲಕ್ಷ್ಮಿ ಸಟ್ಟುಗವನ್ನು ಗಂಡನ ಕೈಗೆ ಕೊಟ್ಟು ಹೊರಗೆ ಬಂದಳು.

"ಜಾಫರ್, ಬಂದು ಕೂತ್ಕೊ. ನಿಮ್ಮ ವ್ಯಾಜ್ಯ ಇವತ್ತು ತೀರ್ಲಿ. ನಂಗೆ ಅರ್ಥ ಆಗೋ ಅಂಗೆ ಒಬ್ಬೊಬ್ಬರಾಗಿ ಹೇಳ್ರಿ. ನಾನೇ ತೀರ್ಪು ಕೊಡ್ತೀನಿ."

"ನಿಮಗೆ ರೇಸ್ ಬಗ್ಗೆ ಏನೂ ಗೊತ್ತಿಲ್ವಲ್ಲಕ್ಕ," ಅಂದ ಪುನೀತ್.

"ಅದಕ್ಕೇ ನಾನು ಯಾರ ಕಡೆಗೂ ಇಲ್ಲ ಕಣಪ್ಪ."

ಹರ್ಷಿತಾ ನಕ್ಕು ಪಕ್ಕಕ್ಕೆ ಸರಿದಳು. ಜಾಫರ್ ಹೆಲ್ಮೆಟ್ ತೆಗೆದು, ಪುನೀತನ ಮುಖ ನೋಡದೆ ಕೂತ.

ಪುನೀತ್ ಮೊದಲು ಶುರುಮಾಡಿದ. ಪಾಠ ಹೇಳುವ ಅಭ್ಯಾಸ ಅವನಿಗಿತ್ತು. ಎರಡು ಲೋಟಗಳನ್ನು ಮುಂದಿಟ್ಟುಕೊಂಡ. "ಇವನು ಫ್ರಾನ್ಸಿನವನು, ಉದ್ದ ಕೂದಲು, ಜುಟ್ಟು. ಇವನು ಅಮೆರಿಕದವನು. ಮೂರು ವಾರ ಒಮ್ಮೆ ಇವನು ಮುಂದೆ, ಒಮ್ಮೆ ಅವನು. ಎಲ್ಲಾ ದಿನದ ಟೈಮ್ ಕೂಡಿಸಿ ಯಾರದು ಕಮ್ಮಿನೋ ಅವರು ಗೆದ್ದ ಹಾಗೆ. ಕೊನೇ ದಿನ ಜುಟ್ಟಿನವನು ಐವತ್ತು ಸೆಕೆಂಡ್ ಮುಂದಿದ್ದ. ಅವತ್ತು ಒಬ್ಬೊಬ್ಬರೇ ಓಡಿಸ್ಬೇಕು, ಪ್ಯಾರಿಸ್ ಊರೊಳಕ್ಕೆ. ಅಷ್ಟು ಕಮ್ಮಿ ದೂರದಲ್ಲಿ ಐವತ್ತು ಸೆಕೆಂಡ್ ತೆಗೆಯೋಕಾಗಲ್ಲ ಅಂದ್ರು ಎಲ್ಲರೂ. ಅಮೆರಿಕದವನು ತೆಗೆದ. ಎಂಟು ಸೆಕೆಂಡಿಂದ ಗೆದ್ದ. ಮೂರು ವಾರ ಸೈಕಲ್ ತುಳಿದು, ಎಂಟು ಸೆಕೆಂಡು."

"ಜುಟ್ಟಿನವನು ಏನ್ಮಾಡಿದ?"

"ರಸ್ತೇಲೇ ಕುಸಿದು ಕೂತ್ಬಿಟ್ಟ."

ನಾಗಲಕ್ಷ್ಮಿ ಲೊಚಗುಟ್ಟಿದಳು. ಪಕ್ಕದ ಟೇಬಲಿನವರೂ ಇತ್ತ ತಿರುಗಿದ್ದರು.

ಜಾಫರ್ ಗಂಟಲು ಸರಿಮಾಡಿಕೊಂಡ. "ನಂದು ಕೋವಿಡ್ ವರ್ಷದ್ದಕ್ಕ. ಅಂಗಡಿಗೆ ಒಬ್ಬ ಗಿರಾಕಿನೂ ಬರ್ತಿರಲಿಲ್ಲ. ಕೂತು ಫೋನಲ್ಲಿ ನೋಡ್ತಿದ್ದೆ. ಇಬ್ಬರೂ ಒಂದೇ ದೇಶದವರು, ಸಣ್ಣ ದೇಶ. ದೊಡ್ಡವನು ಎಷ್ಟೋ ದಿನದಿಂದ ಮುಂದಿದ್ದ, ಗೆದ್ದೇಬಿಟ್ಟ ಅಂದ್ಕೊಂಡಿದ್ರು. ಮುಗಿಯೋಕೆ ಒಂದು ದಿನ ಇರುವಾಗ ಕೊನೆಗೆ ಬೆಟ್ಟ ಹತ್ತಿಸೋ ರೇಸು. ಚಿಕ್ಕ ಹುಡುಗ ಹತ್ತಿದ ನೋಡಿ, ಐವತ್ತೇಳು ಸೆಕೆಂಡ್ ಹಿಂದಿದ್ದವನು ಐವತ್ತೊಂಬತ್ತು ಸೆಕೆಂಡ್ ಮುಂದೆ ಹೋದ. ದೊಡ್ಡವನ ಹೆಲ್ಮೆಟ್ ತಲೆ ಮೇಲೆ ಸೊಟ್ಟಗಾಗಿತ್ತು. ಅದನ್ನ ಸರಿ ಮಾಡ್ಕೊಳ್ಳೋ ಜ್ಞಾನನೂ ಇರಲಿಲ್ಲ. ಅವತ್ತು ನಾನು ಅಂಗಡೀಲಿ ಒಬ್ಬನೇ ನಿಂತು ಚಪ್ಪಾಳೆ ಹೊಡೆದೆ."

"ಅವತ್ತು ನೀನು ನನಗೆ ಫೋನ್ ಮಾಡಿದ್ದೆ," ಅಂದ ಪುನೀತ್ ಮೆಲ್ಲಗೆ.

"ಮಾಡಿದ್ದೆ."

ಆಗ ಹರ್ಷಿತಾ, "ನಂದೂ ಒಂದಿದೆ," ಅಂದಳು. "ಇಪ್ಪತ್ನಾಲ್ಕರದು, ಅದೇ ಫ್ರಾನ್ಸಿನ ಹೆಂಗಸರ ರೇಸು. ಎಲ್ಲರಿಗಿಂತ ಮುಂದಿರೋರಿಗೆ ಕೊಡೋ ಹಳದಿ ಅಂಗಿ ಹಾಕ್ಕೊಂಡಿದ್ದವಳು ನಡುವೆ ಒಂದು ದಿನ ಬಿದ್ಲು. ಎದ್ದು ಬರೋವಷ್ಟರಲ್ಲಿ ಒಂದೂಮುಕ್ಕಾಲು ನಿಮಿಷದ ಹತ್ತಿರ ಹೋಯ್ತು. ಅವತ್ತು ಗೆದ್ದೋಳು ಯಾರು ಗೊತ್ತಾ? ಅವಳದೇ ತಂಡದವಳು."

"ಅವಳ ಕಡೆಯೋರೇ ನಿಲ್ಲದೆ ಓಗ್ಬಿಟ್ರಾ?" ನಾಗಲಕ್ಷ್ಮಿಯ ಹುಬ್ಬು ಮೇಲೇರಿತು.

"ಹೋಗ್ತಾರಲ್ಲ ಅಕ್ಕ," ಅಂದ ಜಾಫರ್ ತಟ್ಟೆ ನೋಡುತ್ತ. "ಇಲ್ಲಿ ಜಗಳ ಆಯ್ತಲ್ಲ, ಅದರ ಹಿಂದಿನ ವಾರ ದೇವನಹಳ್ಳಿ ರೋಡಲ್ಲಿ ನನ್ನ ಚೈನ್ ಕಿತ್ತುಹೋದಾಗ ಇವನೂ ಹೋದ. ಕೈ ಬೀಸಿ ಬೀಸಿ ಕರೆದೆ. ತಿರುಗಿ ನೋಡಿಯೂ ಹೋದ. ನಾನು ಟೊಮೆಟೊ ಗಾಡಿ ಹತ್ತಿ ಬಂದೆ."

ಪುನೀತ್ ಬಾಯಿ ತೆರೆದುಕೊಂಡು ಅವನನ್ನೇ ನೋಡಿದ.

"ಮಗಾ, ಮುಂದೆ ಹೋಗು ಅಂತ ಬೀಸ್ತಿದೀಯ ಅಂದ್ಕೊಂಡೆ. ನೀನು ನೀರು ಕುಡಿಯೋಕೆ ನಿಂತಿದೀಯ ಅಂತ. ಬೆಟ್ಟದ ಮೇಲೆ ಎಷ್ಟು ಹೊತ್ತು ಕಾದೆ ಗೊತ್ತಾ? ಫೋನ್ ಮಾಡಿದ್ರೆ ಎತ್ತಲಿಲ್ಲ."

"ಕೋಪ ಬಂದಿತ್ತು, ಎತ್ತಲಿಲ್ಲ."

"ಹೋಗು ಅನ್ನೋದಕ್ಕೆ ಯಾರೋ ಇಂಗೆ ಬೀಸ್ತಾರೆ?" ಎಂದು ನಾಗಲಕ್ಷ್ಮಿ ಕೈ ಬೀಸಿ ತೋರಿಸಿದಳು. ಹಿಂದಿನ ಟೇಬಲಿನವನೊಬ್ಬ ಅದು ಬಾ ಅಂದ ಹಾಗಿದೆ ಎಂದ, ಇನ್ನೊಬ್ಬ ಹೋಗು ಎಂದ. ಅರ್ಧ ಹೋಟೆಲು ಕೈ ಬೀಸಿ ನೋಡತೊಡಗಿತು. ಮೊದಲು ನಕ್ಕವನು ಜಾಫರ್. ಆಮೇಲೆ ಪುನೀತನಿಗೂ ತಡೆಯಲಾಗಲಿಲ್ಲ. ನಗುನಗುತ್ತಲೇ ಗೆಳೆಯನ ಬೆನ್ನಿಗೆ ಒಂದು ಗುದ್ದು ಕೊಟ್ಟ. ನಾಗಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಗೆ ಬಂದ ನೀರಲ್ಲ ಅದು.

"ಮುಂದೆ ಹೇಳಮ್ಮ, ಬಿದ್ದೋಳು ಏನಾದ್ಲು?"

"ಕೊನೇ ದಿನ ದೊಡ್ಡ ಬೆಟ್ಟ," ಅಂದಳು ಹರ್ಷಿತಾ. "ಎಲ್ಲರನ್ನೂ ಹಿಂದೆ ಹಾಕಿ ಹತ್ತಿ ಗೆದ್ದಳು. ಗೆದ್ದು, ಕಾಯ್ತಾ ಇದ್ದಾಳೆ. ಈಗ ಹಳದಿ ಅಂಗಿ ಇದ್ದವಳು ಕೆಳಗಿಂದ ಉಸಿರುಗಟ್ಟಿ ಬರ್ತಿದಾಳೆ. ಬಂದ್ಲು. ಒಟ್ಟು ಲೆಕ್ಕದಲ್ಲಿ ನಾಲ್ಕೇ ನಾಲ್ಕು ಸೆಕೆಂಡಿಂದ ಆ ಹಳದಿ ಅಂಗಿಯವಳೇ ಗೆದ್ಲು."

ನಾಗಲಕ್ಷ್ಮಿಯ ಮೈ ಜುಮ್ಮೆಂದಿತು. "ಆಯ್ತು, ಇದೇ ನನ್ನ ತೀರ್ಪು. ಇವಳು ಹೇಳಿದ್ದೇ ಎಲ್ಲಕ್ಕಿಂತ ಜೋರು."

"ಅಕ್ಕಾ, ಅದು ಒಂದು ವಾರದ ರೇಸು," ಅಂದ ಪುನೀತ್.

"ಹೌದಕ್ಕ, ಮೂರು ವಾರಕ್ಕೂ ಒಂದು ವಾರಕ್ಕೂ ಹೋಲಿಕೆ ಆಗಲ್ಲ," ಎಂದು ಜಾಫರ್ ಅವನ ಪಕ್ಕಕ್ಕೆ ನಿಂತ.

"ಎಂಟು ಕಮ್ಮಿನೋ ನಾಲ್ಕು ಕಮ್ಮಿನೋ ಮೇಷ್ಟ್ರೇ? ಅದೂ ಓಗ್ಲಿ. ಬಿದ್ದೋಳು ಎದ್ದು ಬಂದು ಬೆಟ್ಟದ ಮೇಲೆ ಗೆದ್ಲು, ಆದ್ರೂ ಸೋತ್ಲು. ಇನ್ನೊಬ್ಬಳು ಜೀವ ಕೈಲಿಡ್ಕೊಂಡು ಬಂದ್ಲು. ಯಾರಿಗೆ ಗೆಲುವು ಬೇಡ್ಕೋಬೇಕು ಅಂತ್ಲೇ ತಿಳೀತಿಲ್ಲ ನಂಗೆ. ಅದಲ್ವಾ ರೇಸು ಅಂದ್ರೆ?"

ಇಬ್ಬರೂ ಒಟ್ಟಿಗೇ ಎದುರು ವಾದಿಸಿದರು, ಅವಳೂ ಬಿಡಲಿಲ್ಲ. ಕೊನೆಗೆ ಕಾವಲಿಯ ಕಡೆಯಿಂದ ಶಿವರಾಮ್, "ನ್ಯಾಯಾಧೀಶರೇ, ಹದಿನೈದು ದೋಸೆ ಬಾಕಿ ಇದೆ," ಎಂದು ಕೂಗಿದ ಮೇಲೆಯೇ ಅವಳು ಒಳಗೆ ಮರಳಿದ್ದು.

ಮುಂದಿನ ಹೆಂಗಸರ ರೇಸು ಶುರುವಾದ ಸಂಜೆ, ಹರ್ಷಿತಾ ಹೋಟೆಲಿನ ಗೋಡೆಯ ಟಿವಿಗೆ ತನ್ನ ಫೋನ್ ಜೋಡಿಸಿಕೊಟ್ಟಳು. ಪುನೀತ್, ಜಾಫರ್ ಒಂದೇ ಬೆಂಚಿನ ಮೇಲೆ ಕೂತು ಬೋಂಡ ತಿನ್ನುತ್ತಿದ್ದರು. ನಾಗಲಕ್ಷ್ಮಿ ಒಂದು ಕುರ್ಚಿ ಎಳೆದುಕೊಂಡು ಎಲ್ಲರಿಗಿಂತ ಮುಂದೆ ಕೂತಳು. ಒಂದು ತಿರುವಿನಲ್ಲಿ ಸವಾರರೆಲ್ಲ ಒತ್ತೊತ್ತಾಗಿ ನುಗ್ಗಿದಾಗ, "ನಿಧಾನ ಕಣ್ರಮ್ಮ, ಬೀಳ್ತೀರ," ಎಂದು ಟಿವಿಗೆ ಬೈದಳು.