ಕೈಬಿಡದ ಅಣ್ಣ

ಫಳ್ನೀರಿನ ಸರ್ವೋತ್ತಮ ಶೆಟ್ಟರು ತಂಗಿಯನ್ನು ಕೊನೆಯ ಉಸಿರಿನವರೆಗೂ ಕೈಬಿಡಲಿಲ್ಲ ಎಂದು ಊರು ಇವತ್ತಿಗೂ ಹೊಗಳುತ್ತದೆ. ಮಾತು ಸುಳ್ಳಲ್ಲ. ಊರಿನವರ ಬಾಯಲ್ಲಿ ಒಮ್ಮೊಮ್ಮೆ ಅವರಿಗೇ ತಿಳಿಯದೆ ನಿಜ ಬಂದುಬಿಡುತ್ತದೆ. ನಾನು ಮಾತ್ರ ಅವನನ್ನು ಅವನು ಎಂದೇ ಕರೆಯುತ್ತೇನೆ. ಬಹುವಚನವನ್ನು ಊರಿನವರು ಕೊಟ್ಟುಕೊಳ್ಳಲಿ.

ತಂಗಿ ಸುಂದರಿಯ ಎಡಗೈಯಲ್ಲಿ ನಾಡಿ ಸಿಗುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ. ಗೊತ್ತಾದದ್ದು ಮಾತ್ರ ಒಮ್ಮೆ ಜ್ವರ ಬಂದು ಅಣ್ಣನ ಜೊತೆ ಡಾಕ್ಟರ್ ಎಸ್ತೆರಮ್ಮನ ಹತ್ತಿರ ಹೋದಾಗ. ಎಸ್ತೆರಮ್ಮ ಮದರಾಸಿನಲ್ಲಿ ಓದಿ ಬಂದು, ಈ ಅಣ್ಣ ತಂಗಿಯ ಮನೆಯ ಕೆಳಗಿನ ಇಳಿಜಾರಿನಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಮಣಿಕಟ್ಟನ್ನು ತಡಕಿ ತಡಕಿ, ಕೊನೆಗೆ ಹೆಬ್ಬೆರಳಿನ ಹಿಂಬದಿಯಲ್ಲಿ ಬಡಿತ ಸಿಕ್ಕಾಗ ಅವರು ನಕ್ಕುಬಿಟ್ಟರು.

"ಹೆದರ್ಲಿಕ್ಕೆ ಎಂತದೂ ಇಲ್ಲ. ರಕ್ತನಾಳ ಬೇರೆ ದಾರಿ ಹಿಡಿದಿದೆ, ಅಷ್ಟೆ. ಹೆಣ ಕೊಯ್ದು ಕಲಿಯುವಾಗ ಇಂಥ ಕೈ ನಾನು ಕಂಡದ್ದುಂಟು. ಪುಸ್ತಕದಲ್ಲಿ ಬರೆದ ಹಾಗೆಯೇ ಎಲ್ಲರ ಮೈ ಇರುದಿಲ್ಲ." ಆಮೇಲೆ ಸರ್ವೋತ್ತಮನ ಕಡೆ ತಿರುಗಿದರು. "ಆದ್ರೆ ನೀವು ನೆನಪಿಟ್ಕೊಳ್ಳಿ ಶೆಟ್ರೇ. ಗೊತ್ತಿಲ್ಲದವರು ಈ ಕೈ ಹಿಡಿದ್ರೆ, ಬದುಕಿದವಳನ್ನೇ ಮುಗಿಯಿತು ಅಂತಾರೆ. ಯಾರು ಮದ್ದು ಕೊಡ್ಲಿಕ್ಕೆ ಬಂದ್ರೂ ಮೊದ್ಲು ಬಲಗೈ ತೋರಿಸಿ."

ಸರ್ವೋತ್ತಮ ಚೆನ್ನಾಗಿಯೇ ನೆನಪಿಟ್ಟುಕೊಂಡ. "ನೀನು ಅರ್ಧ ಸತ್ತೇ ಹುಟ್ಟಿದ್ದು ಮಾರಾಯ್ತಿ" ಎಂದು ತಂಗಿಯನ್ನು ಆಗಾಗ ಕೆಣಕುತ್ತಿದ್ದ. ಅವಳೂ ನಗುತ್ತಿದ್ದಳು, ಮನೆಕೆಲಸದ ಮುದ್ದುವೂ ನಗುತ್ತಿದ್ದಳು.

ಅದು ಅಳಿಯಸಂತಾನದ ಮನೆ. ಆಸ್ತಿ ಇಳಿಯುವುದು ಹೆಣ್ಣಿನ ಹೊಟ್ಟೆಯ ಮಕ್ಕಳಿಗೆ. ಅಣ್ಣ ಬರೀ ಯಜಮಾನ. ಸುಂದರಿಯ ಗಂಡ ಮದುವೆಯಾದ ಮರುವರ್ಷವೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಈಗ ಎರಡನೆಯ ಮದುವೆಯ ಮಾತು ನಡೆದಿತ್ತು. ಅವಳಿಗೊಂದು ಮಗುವಾದರೆ ಮನೆ ಗದ್ದೆ ಎಲ್ಲವೂ ಅದರದ್ದು, ಸರ್ವೋತ್ತಮನ ಹೆಂಡತಿ ಮಕ್ಕಳಿಗೆ ಚಿಪ್ಪು. ಅವಳೇ ಇಲ್ಲದಿದ್ದರೆ ಕುಟುಂಬದಲ್ಲಿ ಉಳಿಯುವುದು ಅವನೊಬ್ಬನೇ. ಆಗ ಅವನು ಯಾರಿಗೆ ಬೇಕಾದರೂ ಬರೆದುಕೊಡಬಹುದು.

ಹೀಗಿರುವಾಗ ಸುಂದರಿಗೆ ಮತ್ತೆ ಜ್ವರ ಹಿಡಿಯಿತು. ಇಂಗ್ಲಿಷ್ ಮದ್ದು ಉಷ್ಣ ಎಂದು ಅತ್ತಿಗೆ ಹೇಳಿದ್ದರಿಂದ ಕಾಸರಗೋಡು ಕಡೆಯ ಪಂಡಿತರೊಬ್ಬರನ್ನು ಕರೆಸಿದರು. ನಾಡಿ ನೋಡುವುದರಲ್ಲಿ ಅವರದು ದೊಡ್ಡ ಹೆಸರು. ಗಂಡಿಗೆ ಬಲಗೈ, ಹೆಣ್ಣಿಗೆ ಎಡಗೈ, ಇದು ಅವರ ಶಾಸ್ತ್ರ. ಚಾಪೆಯ ಪಕ್ಕದ ಮಣೆಯಲ್ಲಿ ಕುಳಿತು ಸುಂದರಿಯ ಎಡಗೈ ಹಿಡಿದರು. ಒತ್ತಿದರು, ಸಡಿಲಿಸಿದರು, ಮತ್ತೆ ಒತ್ತಿದರು. ಮುಖ ಸಪ್ಪಗಾಯಿತು.

ಮಾತು ಸರ್ವೋತ್ತಮನ ನಾಲಗೆಯ ತುದಿಗೆ ಬಂದಿತ್ತು. ಬರಲೇ ಇಲ್ಲವೆಂದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಬಾಯಿ ತೆರೆದ. ಬಾಗಿಲಲ್ಲಿ ನಿಂತ ಹೆಂಡತಿಯನ್ನೂ ಅವಳ ಸೊಂಟದ ಮೇಲಿನ ಮಗನನ್ನೂ ನೋಡಿದ. ಬಾಯಿ ಮುಚ್ಚಿದ.

"ನಾಡಿ ಹೋಗಿದೆ," ಎಂದರು ಪಂಡಿತರು. "ಇನ್ನು ಔಷಧ ಕೊಟ್ರೆ ಔಷಧಕ್ಕೇ ಅವಮಾನ. ತುಳಸಿ ನೀರು ಬಿಡಿ. ಕೇಳಿದ್ದು ಕೊಡಿ."

ಸುಂದರಿಗೆ ಪ್ರಜ್ಞೆ ಇತ್ತು. ಅವಳು ಕೇಳಿದ್ದೂ ಒಂದೇ. "ಬಲಗೈ... ಬಲಗೈ ನೋಡಿ," ಎಂದು ಹೊದಿಕೆಯೊಳಗಿಂದ ಕೈ ಎತ್ತಿದಳು.

ಸರ್ವೋತ್ತಮ ಬಾಗಿ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಅದುಮಿ ಹಿಡಿದ. "ಸುಂದರೀ, ನಾನಿದ್ದೇನೆ," ಎಂದು ಅತ್ತ. ಕಣ್ಣೀರು ನಿಜವಾದದ್ದೇ. ಅದೇ ನನಗೆ ಇನ್ನೂ ಹೇಸಿಗೆ.

ಮುದ್ದು ತಡೆಯಲಾರದೆ ಮುಂದೆ ಬಂದಳು. "ಧಣಿಗಳೇ, ಅಮ್ಮನ ಎಡಗೈ ಮೊದ್ಲಿಂದ್ಲೂ ಹಾಗೇ ಅಲ್ವಾ? ಡಾಕ್ಟ್ರಮ್ಮ ಹೇಳಿದ್ದು..."

"ಬಲಗೈ ನೋಡ್ಲಿಕ್ಕೆ ಇವಳೆಂತ ಗಂಡಸಾ?" ಪಂಡಿತರು ಸಿಡುಕಿದರು. "ನಾಡಿ ಹಿಡಿದೇ ನನ್ನ ತಲೆ ನರೆತದ್ದು. ಇನ್ನು ಕೆಲಸದವಳಿಂದ ಕಲೀಬೇಕಾ?"

"ಅವಳಿಗೆ ಗೊತ್ತಾಗುದಿಲ್ಲ ಪಂಡಿತರೇ," ಎಂದ ಸರ್ವೋತ್ತಮ.

"ಹಾಗಾದ್ರೆ ಡಾಕ್ಟ್ರಮ್ಮನನ್ನೇ ಕರ್ಕೊಂಡು ಬರ್ತೇನೆ ಧಣಿಗಳೇ."

"ಅವ್ರು ಮದರಾಸಿಗೆ ಹೋಗಿದ್ದಾರೆ ಮಾರಾಯ್ತಿ. ಇದ್ದಿದ್ರೆ ನಾನು ಕರೀತಿರ್ಲಿಲ್ವಾ?"

ಮುದ್ದು ನಂಬಿದಳು. ಧಣಿ ಅಳುತ್ತಾ ಹೇಳಿದ ಮಾತನ್ನು ನಂಬದಿರಲು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮದ್ದು ನಿಂತಿತು. ಸಾಯುವವಳಿಗೆ ಗಂಜಿ ಯಾಕೆ ಎಂದು ಅದೂ ನಿಂತಿತು. ನಾಡಿ ಹೋದ ಹೆಂಗಸು ಮಾತ್ರ ಆ ದಿನ ಸಾಯಲಿಲ್ಲ, ಮರುದಿನವೂ ಸಾಯಲಿಲ್ಲ. ನೋಡಲು ಬಂದವರು ಅದು ಅಣ್ಣನ ಪುಣ್ಯ ಎಂದರು. ಅವನು ತಲೆದಿಂಬಿನ ಬಳಿಯಿಂದ ಏಳಲೇ ಇಲ್ಲ. ಯಾರಾದರೂ ಒಳಗೆ ಬಂದರೆ ಸಾಕು, ಬಲಗೈ ಅವನ ಕೈ ಸೇರುತ್ತಿತ್ತು. ಅವಳು ಎಳೆದುಕೊಳ್ಳಲು ನೋಡುತ್ತಿದ್ದಳು. "ಅಣ್ಣಾ, ಕೈ ಬಿಡು..." ಒಣಗಿದ ಬಾಯಿಂದ ಅಷ್ಟೇ ಹೊರಡುತ್ತಿತ್ತು.

"ಕೈಬಿಡ್ಬೇಡ ಅಂತಿದ್ದಾಳೆ, ಪಾಪ," ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ಎಲ್ಲರೂ ಊಟಕ್ಕೆ ಎದ್ದಿದ್ದಾಗ ಸುಂದರಿ ಎಳೆಯುವುದನ್ನು ನಿಲ್ಲಿಸಿದಳು. ಅವನ ಹೆಬ್ಬೆರಳು ಅವಳ ಮಣಿಕಟ್ಟಿನ ಮೇಲೇ ಇತ್ತು. ಅವಳು ಆ ಹೆಬ್ಬೆರಳನ್ನು ನೋಡಿದಳು, ಆಮೇಲೆ ಅವನ ಮುಖವನ್ನು.

"ನಿಂಗೆ ಸಿಗ್ತಾ ಉಂಟಲ್ಲ ಅಣ್ಣಾ?"

"ಇಲ್ಲ," ಎಂದ ಸರ್ವೋತ್ತಮ.

ಸಂಜೆಯ ಹೊತ್ತಿಗೆ ಬೆರಳಿನ ಅಡಿಯ ಬಡಿತ ನಿಧಾನವಾಯಿತು, ತಪ್ಪಿತು, ನಿಂತಿತು. ಆ ಮನೆಯಲ್ಲಿ ಅವಳ ನಾಡಿ ನಿಂತದ್ದನ್ನು ಸರಿಯಾಗಿ ತಿಳಿದವನು ಅವನೊಬ್ಬನೇ.

ಉತ್ತರಕ್ರಿಯೆಯ ಬೊಜ್ಜಕ್ಕೆ ಮೊದಲು ಎಸ್ತೆರಮ್ಮ ಮಾತಾಡಿಸಲು ಬಂದರು. ಚಾವಡಿ ತುಂಬ ನೆಂಟರಿದ್ದರು.

"ನಾನು ಊರಲ್ಲೇ ಇದ್ದೆನಲ್ಲ ಶೆಟ್ರೇ. ಯಾಕೆ ಹೇಳಿ ಕಳಿಸ್ಲಿಲ್ಲ?"

ನೀರಿನ ಚೊಂಬು ಹಿಡಿದು ಬರುತ್ತಿದ್ದ ಮುದ್ದು ಬಾಗಿಲಲ್ಲೇ ನಿಂತಳು. ಸರ್ವೋತ್ತಮ ಹೆಗಲ ಶಲ್ಯದಿಂದ ಮುಖ ಒರೆಸಿಕೊಂಡ. ಎಸ್ತೆರಮ್ಮ ಮತ್ತೆ ಕೇಳಿದರು.

"ಪಂಡಿತರು ಯಾವ ಕೈ ನೋಡಿದ್ದು?"

"ಎಡಗೈ," ಎಂದ ಅವನು. "ಬಲಗೈ ನನ್ನ ಕೈಯಲ್ಲಿತ್ತು."

ಚಾವಡಿಯ ಹೆಂಗಸರೆಲ್ಲ ಗೊಳೋ ಎಂದು ಅತ್ತರು. ಇಂಥ ಅಣ್ಣ ಯಾರಿಗುಂಟು ಎಂದು ಒಬ್ಬಳು ಎಸ್ತೆರಮ್ಮನನ್ನೇ ಕೇಳಿದಳು.