ಎಲ್ಲರಿಗೂ ತಿಳಿದ ಮೇಲೆ ಅಕ್ಕನಿಗೆ

ಅಪ್ಪನಿಗೆ ಅಕ್ಕ, ತಮ್ಮ ಇಬ್ಬರೇ ಮಕ್ಕಳು. ಅಕ್ಕ ಟೈಲರ್, ತಮ್ಮನದು ಕನ್ನಡಕದ ಅಂಗಡಿ. ಅಪ್ಪ ಬೇಕರಿಯ ಒಲೆಯ ಮುಂದೆ ಆಯುಷ್ಯ ಸವೆಸಿದವರು; ಊರ ಬಾಯಲ್ಲಿ ಬನ್ನಪ್ಪ.

ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕೂತಿದ್ದ ಅಕ್ಕ ಬೆಳಿಗ್ಗೆ ಹೊರಡಲು ಎದ್ದು ತಮ್ಮನಿಗೆ ಹೇಳಿದಳು: "ಅಂಗಡಿ ಬಾಗಿಲು ತೆಗೆದು, ಒಂದು ಬಟ್ಟೆ ಕೊಟ್ಟು ಓಡಿ ಬರ್ತೀನಿ. ಏನಾದ್ರೂ ಆದ್ರೆ ಮೊದ್ಲು ನಂಗೆ ಫೋನ್ ಮಾಡು ಕಣೋ."

ಅವಳು ಹೋದ ಸ್ವಲ್ಪ ಹೊತ್ತಿಗೇ ಅಪ್ಪ ಹೋದರು.

ತಮ್ಮ ಫೋನ್ ತೆಗೆದ. ಅಕ್ಕನಿಗೆ ಬಾಯಿಬಿಟ್ಟು ಹೇಳಲು ನಾಲಿಗೆ ಏಳಲಿಲ್ಲ. ಬರೆಯುವುದು ಸುಲಭವೆನಿಸಿತು. ಒಂದು ಕಾಲಕ್ಕೆ ಲೆನ್ಸಿನ ದರ ನೋಡಲಷ್ಟೇ ಇಂಟರ್‌ನೆಟ್ಟಿಗೆ ಹೋಗುತ್ತಿದ್ದವನಿಗೆ ಈಗ ಬಾಲ್ಯದ ಗೆಳೆಯರು, ದೂರದ ನೆಂಟರು ಎಲ್ಲರೂ ಸಿಗುತ್ತಿದ್ದದ್ದು ಅಲ್ಲೇ. ಅಪ್ಪನ ಒಳ್ಳೆಯ ಫೋಟೊ ಆರಿಸಿ, "ನಮ್ಮಪ್ಪ ಇನ್ನಿಲ್ಲ" ಎಂದು ಫೇಸ್‌ಬುಕ್ಕಿನಲ್ಲಿ ಹಾಕಿದ.

ಸಂತಾಪಗಳು ಒಂದರ ಹಿಂದೊಂದು ಬಂದವು. ಮಾತು ಬಿಟ್ಟಿದ್ದ ಹಳೇ ಗೆಳೆಯನೂ ಉದ್ದಕ್ಕೆ ಬರೆದ. ತಮ್ಮ ಪ್ರತಿಯೊಬ್ಬರಿಗೂ ಕೈಮುಗಿದ ಚಿತ್ರ ಕಳಿಸುತ್ತಾ ಹೋದ. ಕಣ್ಣೀರಿನ ನಡುವೆಯೂ, ತನಗೆ ಇಷ್ಟು ಜನರಿದ್ದಾರಲ್ಲ ಎಂದು ಒಳಗೆಲ್ಲೋ ಹಿತವಾಯಿತು.

ಅತ್ತ ಅಂಗಡಿಯಲ್ಲಿ ಅಕ್ಕ ಗಿರಾಕಿಯೊಬ್ಬಳ ತೋಳಿನ ಅಳತೆ ಹಿಡಿದಿದ್ದಳು. ಗಿರಾಕಿ ಇನ್ನೊಂದು ಕೈಯಲ್ಲಿ ಫೋನ್ ನೋಡುತ್ತಿದ್ದವಳು, "ಅಯ್ಯೋ, ನಿಮ್ಮ ತಂದೆ ಹೋಗ್ಬಿಟ್ರಂತಲ್ರೀ! ನೀವು ಇನ್ನೂ ಇಲ್ಲೇ ಇದ್ದೀರಾ?" ಎಂದಳು.

ಕೊರಳಲ್ಲಿ ಅಳತೆ ಟೇಪು ಹಾಗೇ ಇಟ್ಟುಕೊಂಡು ಅಕ್ಕ ಆಸ್ಪತ್ರೆಗೆ ಬಂದಾಗ ತಮ್ಮ ಇನ್ನೂ ಉತ್ತರ ಕೊಡುತ್ತಲೇ ಇದ್ದ.

"ಅಕ್ಕಾ... ಈಗ ನಿಂಗೇ ಫೋನ್ ಮಾಡ್ಬೇಕು ಅಂತಿದ್ದೆ."

"ಊರಿಗೆಲ್ಲ ಹೇಳಿ ಮುಗೀತೇನೋ?"

ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು ಅವನಿಗೆ. ಅಕ್ಕ ಅಪ್ಪನ ಹಣೆಯ ಮೇಲೆ ಕೈಯಿಟ್ಟು ಕೂತಳು.

"ಅಳಿಸಿಬಿಡ್ತೀನಿ ಅಕ್ಕ."

"ಯಾಕೆ? ಓದು. ನಾನೂ ಕೇಳ್ತೀನಿ."

ಓದಿದ. "ಫೋಟೊ ಸೂಪರ್" ಎಂದವನಿಗೂ ತಾನು ಧನ್ಯವಾದ ಹೇಳಿದ್ದು ಕಂಡಿತು. ಕೊನೆಯಲ್ಲಿ, ಅಪ್ಪನ ಜೊತೆ ಬೇಕರಿಯಲ್ಲಿ ದುಡಿದ ಮುದುಕರೊಬ್ಬರು ಬರೆದಿದ್ದರು: "ಬನ್ನಪ್ಪ ಪುಟ್ಟ ಮಗಳನ್ನು ಹಿಟ್ಟಿನ ಮೂಟೆಯ ಮೇಲೆ ಮಲಗಿಸಿ ಕೆಲಸ ಮಾಡುತ್ತಿದ್ದ. ಪಾಪ, ಅವಳಿಗೆ ತಿಳಿಸಿದಿರಾ?"

ಅದರ ಕೆಳಗೂ ತಮ್ಮ ಕೈಮುಗಿದಿದ್ದ. ಓದದೆಯೇ.

ಅಕ್ಕ ಆಗ ಅತ್ತಳು. ಅವಳ ಹೆಗಲು ಮುಟ್ಟಲು ಅವನಿಗೆ ಧೈರ್ಯವಾಗಲಿಲ್ಲ.

ಆಮೇಲಿನ ದಿನಗಳಲ್ಲಿ ತನ್ನ ಮಗನಿಗೆ ನೆಗಡಿಯಾದರೂ ಅವನು ಮೊದಲು ಅಕ್ಕನಿಗೆ ಫೋನ್ ಮಾಡತೊಡಗಿದ. "ಮೂಗು ಸೋರೋದಕ್ಕೂ ಸುದ್ದಿ ಕೊಡ್ತೀಯಲ್ಲೋ!" ಎಂದು ಅವಳು ನಗುತ್ತಿದ್ದಳು. ಆ ಬೆಳಗಿನ ಮಾತನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಒಂದು ಸಲ ಬಾಯಿತುಂಬ ಬೈದುಬಿಟ್ಟಿದ್ದರೆ, ಅವನು ಅವಳ ಮುಖ ನೋಡಿ ಮಾತಾಡಬಹುದಿತ್ತು.