ಹನ್ನೆರಡು ಅಮಾವಾಸ್ಯೆಯ ನೀರು

ನೇಕಾರ ಲಿಂಗಸಾಮಿ ನೊಯ್ಯಲ್ ನದಿಯ ನೀರನ್ನು ಸೀಸೆಗೆ ತುಂಬುವ ಕೆಲಸಕ್ಕೆ ಇಳಿದದ್ದು ಹೆಸರು ಮಾಡಲಿಕ್ಕಲ್ಲ. ತಿರುಪ್ಪೂರಿನ ಸಾಯಪಟ್ಟರೆಗಳು ಬನಿಯನ್ ಬಟ್ಟೆಗೆ ಬಣ್ಣ ಹಾಕಿ, ಮಿಕ್ಕ ಹೊಲಸನ್ನೆಲ್ಲ ನದಿಗೆ ಬಿಡುತ್ತಿದ್ದವು. ಕೆಳದಂಡೆಯ ಅವನೂರಿನ ಬಾವಿಯ ನೀರು ಬಾಯಿಗಿಡಲಾಗದಷ್ಟು ಕೆಟ್ಟಿತ್ತು. ಸದ್ಯಕ್ಕೆ ಸರ್ಕಾರದ ಲಾರಿ ದಿನ ಬಿಟ್ಟು ದಿನ ಕುಡಿಯುವ ನೀರು ತರುತ್ತಿತ್ತು. ಒಂದು ವರ್ಷ, ತಿಂಗಳಿಗೊಂದು ಸಲ ನದಿ ನೀರು ತಂದುಕೊಡಿ; ಕೆಟ್ಟದ್ದೆಂದು ಪರೀಕ್ಷೆಯಲ್ಲಿ ರುಜುವಾತಾದರೆ ಲಾರಿ ಕಾಯಂ, ಪಟ್ಟರೆಗಳಿಗೆ ಬೀಗ ಎಂದಿದ್ದರು ತಿರುಪ್ಪೂರಿನ ಸರ್ಕಾರಿ ಅಧಿಕಾರಿ.

ಲಿಂಗಸಾಮಿ, ಅವನ ಷಡ್ಡಕ ಸುಬ್ಬಯ್ಯನ್, ಇನ್ನೂ ಆರು ಮಂದಿ ನೇಕಾರರು ಉತ್ಸಾಹದಿಂದ ಒಪ್ಪಿಕೊಂಡರು. ಅವರಿಗೆ ಬಿಡುವಿದ್ದದ್ದು ಅಮಾವಾಸ್ಯೆ ಒಂದೇ ದಿನ. ಅಂದು ನೇಯುವುದು ಅವರ ಕುಲದಲ್ಲೇ ಇಲ್ಲ. ಮಗ್ಗಕ್ಕೆ ಪೂಜೆ ಮಾಡಿ, ಹಣೆಯ ವಿಭೂತಿ ಆರುವ ಮೊದಲೇ ಮೊಣಕಾಲುದ್ದ ನೀರಿಗಿಳಿದು ಸೀಸೆ ತುಂಬಿ, ಚೀಟಿ ಅಂಟಿಸಿ, ಎಂಟೂ ಜನ ರುಜು ಹಾಕುವರು. ನೀರು ತಿಳಿಯಾಗಿ ಕಂಡರೂ ತಲೆ ಕೆಡಿಸಿಕೊಳ್ಳಲಿಲ್ಲ. ವಿಷ ಕಣ್ಣಿಗೆ ಕಾಣುವುದಿಲ್ಲ ಎಂದು ಯಾರೋ ಓದಿದವರು ಹೇಳಿದ್ದರಲ್ಲ, ಅಷ್ಟೇ ಸಾಕಾಯಿತು ಪಾಪ.

1986ರಲ್ಲಿ ಆ ಒಂದು ವರ್ಷ ತುಂಬಿತು. ತಿರುಪ್ಪೂರಿನ ಕಚೇರಿಯಲ್ಲಿ ಅಧಿಕಾರಿ ಹನ್ನೆರಡೂ ಕಾಗದ ಮಗುಚಿ ನೋಡಿ, ನೀರಿನಲ್ಲಿ ಹೇಳಿಕೊಳ್ಳುವಂಥ ಕೆಡುಕೇನೂ ಇಲ್ಲ, ನಾಳೆಯಿಂದ ಲಾರಿಯೂ ಬೇಡ ಎಂದು ತಮಿಳಿನಲ್ಲಿ ಹೇಳಿ ಮುಗಿಸಿದರು.

ಊರಿಗೆ ಮರಳುವ ಬಸ್ಸಿನಲ್ಲಿ ಲಿಂಗಸಾಮಿಗೆ ಅಕ್ಕನ ಮಗಳು ಚಂದ್ರಾ ಸಿಕ್ಕಳು. ಸಾಯಪಟ್ಟರೆಯಲ್ಲಿ ಬಟ್ಟೆ ಒಣಹಾಕುವ ಕೆಲಸ ಅವಳದು. ವಿಷಯ ಕೇಳಿ ಹುಬ್ಬು ಗಂಟಿಕ್ಕಿದಳು.

"ನೀರು ಯಾವತ್ತು ತುಂಬಿದ್ದು ಮಾಮಾ?"

"ಅಮಾಸೆ ಅಮಾಸೆಗೆ."

"ಅಯ್ಯಯ್ಯೋ ಮಾಮಾ! ಅಮಾಸೆಗೆ ಪಟ್ಟರೆಗೆಲ್ಲಾ ಲೀವು. ಹಿಂದಿನ್ ದಿನ್ವೇ ತೊಟ್ಟಿ ತೊಳ್ದು ಬಾಗ್ಲು ಸಾತ್ತಿಬಿಡ್ತಾರೆ. ನೀವು ಒಂದ್ ಮಾತು ನನ್ನ ಕೇಳ್ಬಾರ್ದಾ?"

ಲಿಂಗಸಾಮಿ ಮುಂದಿನ ನಿಲ್ದಾಣದಲ್ಲೇ ಇಳಿದು ಕಚೇರಿಗೆ ಓಡಿದ. ಕೈ ಮುಗಿದ, ಕಾಲಿಗೂ ಬೀಳಲು ಹೋದ. ಇನ್ನೊಂದೇ ಸಲ, ನಾಳೆಯೇ ಬಂದು ನೀರು ನೋಡಿ ಎಂದು ಗೋಗರೆದ. ಅಧಿಕಾರಿ ಸಿಟ್ಟಾಗಲೂ ಇಲ್ಲ. ಎಂಟು ರುಜುಗಳ ಮೇಲೆ ಬೆರಳಾಡಿಸಿ, ಇವು ನಿಮ್ಮವೇ ಅಲ್ಲವೇ ಎಂದು ಕೇಳಿ, ಫೈಲು ಕಟ್ಟಿಟ್ಟರು. ಪಟ್ಟರೆಯವರು ಲಕ್ಷ ಸುರಿದರೂ ಸಿಗದಂಥ ಸಾಕ್ಷಿಯನ್ನು ಇವರು ಬಿಟ್ಟಿಯಾಗಿ, ಪೂಜೆ ಮುಗಿಸಿ, ಮಡಿಯಲ್ಲಿ ತಂದುಕೊಟ್ಟಿದ್ದರು.

ಮರುದಿನ ಹೊತ್ತು ನೆತ್ತಿಗೇರಿದರೂ ಲಾರಿ ಬರಲಿಲ್ಲ. ಕೊಡಗಳ ಸಾಲಿನ ಮುಂದೆ ನೆರೆಮನೆಯ ಕಾಳಿಯಮ್ಮ, ಕಂಕುಳಲ್ಲಿ ಮೊಮ್ಮಗಳೊಂದಿಗೆ ನಿಂತಿದ್ದಳು. ಮಗುವಿನ ತೊಡೆಯ ತುಂಬ ತುರಿಗಜ್ಜಿ.

"ಲಾರಿ ಎಲ್ಲಿ ಲಿಂಗಸಾಮಿ?"

"ಇನ್ ಬರಲ್ಲ ಅಕ್ಕಾ. ನೀರು ಒಳ್ಳೇದಂತೆ."

"ಹಂಗಂತ ಹೇಳಿದ ಪಾಪಿ ಯಾರು?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ.

"ನಾವೇ ಅಕ್ಕಾ."

ಕಾಳಿಯಮ್ಮ ಬೈಯಲಿಲ್ಲ. ಬೈದು ಮುಖಕ್ಕೆ ಉಗಿದಿದ್ದರೆ ಅವನ ಜೀವಕ್ಕೆ ಎಷ್ಟೋ ಹಗುರಾಗುತ್ತಿತ್ತು. ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಕೊಡ ಎತ್ತಿಕೊಂಡು, ಬಾವಿಯ ಕಡೆ ನಡೆದಳು.